ಲೆಕ್ಕದ ಪುಸ್ತಕದಿಂದ ದತ್ತಾಂಶದ ಉಗ್ರಾಣಕ್ಕೆ



ಪ್ರತಿ ತಿಂಗಳ ಕೊನೆಯ ದಿನ ಶಿಕ್ಷಕರೆಲ್ಲರೂ ತಪ್ಪದೆ ಮಾಡುವ ಒಂದು ಕೆಲಸವಿದೆ. ಹಾಜರಿ ಪುಸ್ತಕ ತೆರೆದು, ಒಬ್ಬೊಬ್ಬ ವಿದ್ಯಾರ್ಥಿಯ ಹೆಸರಿನ ಮುಂದಿರುವ ಗುರುತುಗಳನ್ನು ಅಡ್ಡಲಾಗಿ ಎಣಿಸಿ, ಕೊನೆಯ ಅಂಕಣದಲ್ಲಿ ಒಟ್ಟು ದಿನಗಳನ್ನು ಬರೆಯುವುದು. ನಾನೂ ಹಲವು ವರ್ಷಗಳಿಂದ ಈ ಕೆಲಸ ಮಾಡುತ್ತಿದ್ದೇನೆ. ಹಿಂದೊಮ್ಮೆ ನನ್ನ ಏಳನೆಯ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಅವಳ ಹೆಸರಿನ ಮುಂದೆ ಪ್ರತಿ ತಿಂಗಳೂ ‘24ಕ್ಕೆ 20’ ಎಂದು ಬರೆಯುತ್ತಿದ್ದೆ. ಇಪ್ಪತ್ತು ದಿನವೆಂದರೆ ಚಿಂತೆ ಮಾಡುವಂತಹದ್ದೇನೂ ಅಲ್ಲ. ಅವಳಿಗಿಂತ ಕಡಿಮೆ ಬರುವವರು ಎಷ್ಟೋ ಮಂದಿ ಇದ್ದರು. ಆದರೆ ಗಣಿತದಲ್ಲಿ ಮಾತ್ರ ಅವಳು ಹಿಂದೆ ಬೀಳುತ್ತಲೇ ಹೋದಳು.

ವರ್ಷದ ಕೊನೆಯಲ್ಲಿ ಯಾವುದೋ ನಮೂನೆ ತುಂಬಲೆಂದು ಅದೇ ಪುಸ್ತಕವನ್ನು ಮತ್ತೆ ತೆರೆದಾಗ, ಅಕಸ್ಮಾತ್ತಾಗಿ ಪುಟವನ್ನು ಅಡ್ಡಲಾಗಿ ನೋಡದೆ ಮೇಲಿನಿಂದ ಕೆಳಕ್ಕೆ ನೋಡಿದೆ. ಆ ಹುಡುಗಿಯ ಗೈರುಹಾಜರಿಯೆಲ್ಲ ಮಂಗಳವಾರದ ಅಂಕಣಗಳಲ್ಲೇ ಬಿದ್ದಿತ್ತು. ಮಂಗಳವಾರ ಪಕ್ಕದ ಊರಿನ ಸಂತೆ. ಅವಳ ತಾಯಿ ಸಂತೆಯಲ್ಲಿ ಬಳೆ ಮಾರುತ್ತಿದ್ದರು, ಚಿಕ್ಕ ತಮ್ಮನನ್ನು ನೋಡಿಕೊಳ್ಳಲು ಹುಡುಗಿ ಮನೆಯಲ್ಲೇ ಉಳಿಯುತ್ತಿದ್ದಳು. ನಮ್ಮ ವೇಳಾಪಟ್ಟಿಯಲ್ಲಿ ಗಣಿತದ ಜೋಡಿ ಪೀರಿಯಡ್ ಇದ್ದದ್ದೂ ಮಂಗಳವಾರವೇ! ವಿಚಾರಿಸಿದಾಗ ತಾಯಿ, “ಸಂತೆಗೆ ಹೋಗದಿದ್ದರೆ ವಾರದ ಖರ್ಚಿಗೆ ಏನು ಮಾಡಲಿ? ಸಣ್ಣವನನ್ನು ಯಾರು ನೋಡ್ಕೋತಾರೆ?” ಎಂದರು. ಪಕ್ಕದ ಮನೆಯ ಅಜ್ಜಿಯೊಬ್ಬರು ಒಪ್ಪಿಕೊಂಡದ್ದರಿಂದ ಮುಂದಿನ ವರ್ಷ ತೊಂದರೆ ತಪ್ಪಿತು. ಆದರೆ ಅಷ್ಟರಲ್ಲಿ ಒಂದು ವರ್ಷದ ಗಣಿತ ಅವಳ ಕೈತಪ್ಪಿ ಹೋಗಿತ್ತು.

ಓದುಗರೇ, ಇಲ್ಲಿ ಮಾಹಿತಿಯ ಕೊರತೆ ಇರಲಿಲ್ಲ. ಮಾಹಿತಿ ನನ್ನ ಮೇಜಿನ ಮೇಲೆ, ನನ್ನದೇ ಕೈಬರಹದಲ್ಲಿ ಇತ್ತು. ಇಲ್ಲದಿದ್ದದ್ದು ಅದನ್ನು ಬೇರೆ ದಿಕ್ಕಿನಿಂದ ನೋಡುವ ಅಭ್ಯಾಸ ಮಾತ್ರ. ಬರೆದಿಡುವುದು ಬೇರೆ, ತಿಳಿದುಕೊಳ್ಳುವುದು ಬೇರೆ. ಈ ಎರಡರ ನಡುವಿನ ಅಂತರವನ್ನು ಹೇಗೆ ದಾಟುವುದೆಂಬ ಪ್ರಶ್ನೆಯನ್ನು ವ್ಯಾಪಾರ ಜಗತ್ತು ಹಲವು ದಶಕಗಳ ಕಾಲ ಕೇಳಿಕೊಂಡಿತು. ಆ ಪ್ರಶ್ನೆಗೆ ಸಿಕ್ಕ ಉತ್ತರದ ಹೆಸರೇ ಡೇಟಾ ವೇರ್‌ಹೌಸ್, ಅಂದರೆ ದತ್ತಾಂಶದ ಉಗ್ರಾಣ. ನಮ್ಮ ವಿದ್ಯಾರ್ಥಿಗಳಲ್ಲಿ ಹಲವರು ಕಂಪ್ಯೂಟರ್ ಕಲಿತು ಇದೇ ಕ್ಷೇತ್ರದಲ್ಲಿ ಕೆಲಸಕ್ಕೆ ಸೇರಬಹುದು. ಸೇರದವರೂ ಇದರ ಚರಿತ್ರೆಯಿಂದ ಕಲಿಯಬೇಕಾದದ್ದಿದೆ. ಆದುದರಿಂದ ಆ ಚರಿತ್ರೆಯನ್ನು ಇಲ್ಲಿ ಸಂಕ್ಷಿಪ್ತವಾಗಿ ಹೇಳುತ್ತೇನೆ.

ಲೆಕ್ಕ ಯಂತ್ರದ ಕೈಗೆ ಬಂದದ್ದು

ಲೆಕ್ಕ ಬರೆಯುವುದು ಮನುಷ್ಯನಿಗೆ ಹೊಸದಲ್ಲ. ಜಮಾ, ಖರ್ಚು, ಬಾಕಿ, ವಸೂಲಿ, ತಾರೀಖು, ಹಾಜರಿ ಎಂಬ ಪದಗಳನ್ನು ನಾವು ಕನ್ನಡದಲ್ಲೂ ಉರ್ದುವಿನಲ್ಲೂ ಒಂದೇ ಅರ್ಥದಲ್ಲಿ ಬಳಸುತ್ತೇವೆ. ರಾಜ್ಯಗಳು ಬದಲಾದರೂ ದಫ್ತರದ ಮಾತು ಉಳಿದುಕೊಂಡು ಬಂದಿದೆ. ಆದರೆ ಬರೆದಿಟ್ಟ ಲೆಕ್ಕ ಬೆಟ್ಟದಷ್ಟು ಬೆಳೆದಾಗ ಅದರಿಂದ ಉತ್ತರ ಹೊರತೆಗೆಯುವುದು ಹೇಗೆ ಎಂಬ ಸಮಸ್ಯೆ ಎದುರಾದದ್ದು ಜನಗಣತಿಯಲ್ಲಿ. ಅಮೆರಿಕದ 1880ರ ಜನಗಣತಿಯ ಕಾಗದಗಳನ್ನು ಕೈಯಿಂದ ಎಣಿಸಿ ಮುಗಿಸಲು ಏಳೆಂಟು ವರ್ಷ ಹಿಡಿಯಿತು. ಹರ್ಮನ್ ಹೊಲೆರಿತ್ ಎಂಬ ಎಂಜಿನಿಯರ್ ರಟ್ಟಿನ ಕಾರ್ಡುಗಳಲ್ಲಿ ತೂತು ಕೊರೆದು, ಆ ತೂತುಗಳನ್ನು ವಿದ್ಯುತ್ತಿನಿಂದ ಎಣಿಸುವ ಯಂತ್ರ ರಚಿಸಿದರು. 1890ರ ಜನಗಣತಿಯಲ್ಲಿ ಅದು ಬಳಕೆಗೆ ಬಂತು. ಅವರ ಕಂಪನಿ 1911ರಲ್ಲಿ ಬೇರೆ ಕಂಪನಿಗಳೊಡನೆ ಸೇರಿತು, ಹಾಗೆ ಹುಟ್ಟಿದ ಸಂಸ್ಥೆ 1924ರಲ್ಲಿ ಐಬಿಎಂ ಎಂಬ ಹೆಸರು ಪಡೆಯಿತು.

ಇದೇ ಐಬಿಎಂನಲ್ಲಿ ಹಾನ್ಸ್ ಪೀಟರ್ ಲೂನ್ ಎಂಬ ಜರ್ಮನ್ ಮೂಲದ ಸಂಶೋಧಕರಿದ್ದರು. ಇಂದು ಬ್ಯಾಂಕಿನ ಕಾರ್ಡಿನ ಸಂಖ್ಯೆ ಸರಿಯೋ ತಪ್ಪೋ ಎಂದು ಪರೀಕ್ಷಿಸುವ ಲೆಕ್ಕದ ವಿಧಾನ ಅವರದೇ. ಅವರು 1958ರಲ್ಲಿ ಐಬಿಎಂನ ಸಂಶೋಧನಾ ಪತ್ರಿಕೆಯಲ್ಲಿ ‘ಬಿಸಿನೆಸ್ ಇಂಟೆಲಿಜೆನ್ಸ್’ ವ್ಯವಸ್ಥೆಯೊಂದರ ಬಗ್ಗೆ ಲೇಖನ ಬರೆದರು. ಇಲ್ಲಿ ಇಂಟೆಲಿಜೆನ್ಸ್ ಎಂದರೆ ಗೂಢಚರ್ಯೆಯಲ್ಲ. ಉರ್ದುವಿನ ‘ಫಹಮ್’ ಎಂಬ ಪದ ಇದಕ್ಕೆ ಹತ್ತಿರ. ಬಿಡಿಬಿಡಿಯಾಗಿರುವ ಸಂಗತಿಗಳ ನಡುವಿನ ಸಂಬಂಧವನ್ನು ಗ್ರಹಿಸಿ, ಮುಂದೇನು ಮಾಡಬೇಕೆಂದು ತೀರ್ಮಾನಿಸುವ ಶಕ್ತಿ ಅದು. ಸಂಸ್ಥೆಗೆ ಬರುವ ಕಾಗದಪತ್ರಗಳನ್ನು ಯಂತ್ರವೇ ಸಂಗ್ರಹಿಸಿ, ಸಾರಾಂಶ ಮಾಡಿ, ಯಾರಿಗೆ ಬೇಕೋ ಅವರಿಗೆ ತಲುಪಿಸಬೇಕೆಂಬುದು ಲೂನ್ ಅವರ ಕನಸು. ಆ ಕಾಲದ ಯಂತ್ರಗಳಿಗೆ ಅದು ದೊಡ್ಡ ಕನಸೇ. 1956ರಲ್ಲಿ ಐಬಿಎಂ ಹೊರತಂದ ಮೊದಲ ಹಾರ್ಡ್ ಡಿಸ್ಕ್ ವ್ಯವಸ್ಥೆಯಲ್ಲಿ 50 ದೊಡ್ಡ ತಟ್ಟೆಗಳಿದ್ದು, ಎಲ್ಲ ಸೇರಿ ಹಿಡಿಯುತ್ತಿದ್ದದ್ದು ಕೇವಲ 50 ಲಕ್ಷ ಅಕ್ಷರಗಳನ್ನು!

ದಿನದ ಕೆಲಸ ಬೇರೆ, ಪ್ರಶ್ನೆ ಬೇರೆ

ಮುಂದಿನ ಮಹತ್ವದ ಹೆಜ್ಜೆ ಇಟ್ಟವರು ಎಡ್ಗರ್ ಕಾಡ್. ಇಂಗ್ಲೆಂಡಿನಲ್ಲಿ ಹುಟ್ಟಿ, ಎರಡನೆಯ ಮಹಾಯುದ್ಧದಲ್ಲಿ ವಿಮಾನ ಹಾರಿಸಿ, ಬಳಿಕ ಅಮೆರಿಕದ ಐಬಿಎಂ ಸೇರಿದವರು. ದತ್ತಾಂಶವನ್ನು ಸರಳವಾದ ಕೋಷ್ಟಕಗಳಲ್ಲಿ ಇಡಬೇಕು, ಅದು ಯಂತ್ರದೊಳಗೆ ಎಲ್ಲಿದೆ ಎಂಬ ಚಿಂತೆ ಪ್ರಶ್ನೆ ಕೇಳುವವನಿಗೆ ಇರಬಾರದು ಎಂದು ಅವರು 1970ರಲ್ಲಿ ಪ್ರತಿಪಾದಿಸಿದರು. ಇಂದಿನ ಬಹುಪಾಲು ಡೇಟಾಬೇಸ್‌ಗಳ ತಳಪಾಯ ಇದೇ. 1981ರಲ್ಲಿ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ದೊರೆಯಿತು.

ಬ್ಯಾಂಕು, ರೈಲ್ವೆ, ವಿಮಾನ ಕಂಪನಿ, ಅಂಗಡಿ ಎಲ್ಲವೂ ಕಂಪ್ಯೂಟರಿಗೆ ಬಂದಂತೆ ಒಂದು ವಿಚಿತ್ರ ಸಮಸ್ಯೆ ಹುಟ್ಟಿತು. ಬ್ಯಾಂಕಿನ ಕೌಂಟರಿನಲ್ಲಿ ಗುಮಾಸ್ತರು ಒಂದು ಖಾತೆ ತೆರೆದು, ಹಣ ಜಮಾ ಮಾಡಿ, ಮುಚ್ಚುತ್ತಾರೆ. ಕೆಲಸ ಕ್ಷಣಮಾತ್ರದಲ್ಲಿ ಮುಗಿಯಬೇಕು. ಆದರೆ ವ್ಯವಸ್ಥಾಪಕರು ಕೇಳುವ ಪ್ರಶ್ನೆಯೇ ಬೇರೆ: ‘ಕಳೆದ ಮೂರು ವರ್ಷಗಳಲ್ಲಿ ಯಾವ ಜಿಲ್ಲೆಯ ರೈತರು ಯಾವ ತಿಂಗಳಲ್ಲಿ ಹೆಚ್ಚು ಸಾಲ ತೀರಿಸಿದರು?’ ಇದಕ್ಕೆ ಲಕ್ಷಾಂತರ ಖಾತೆಗಳನ್ನು ಒಟ್ಟಿಗೆ ತೆರೆದು ನೋಡಬೇಕು. ಎರಡನ್ನೂ ಒಂದೇ ಯಂತ್ರದಲ್ಲಿ ಮಾಡಹೊರಟರೆ ಕೌಂಟರಿನ ಮುಂದೆ ಸಾಲು ಬೆಳೆಯುತ್ತದೆ. ಇದಲ್ಲದೆ ದಿನನಿತ್ಯದ ವ್ಯವಸ್ಥೆಗೆ ಹಳೆಯದು ಬೇಕಿಲ್ಲ. ಗ್ರಾಹಕರು ವಿಳಾಸ ಬದಲಿಸಿದರೆ ಹಳೆಯ ವಿಳಾಸ ಅಳಿಸಿಹೋಗುತ್ತದೆ. ಆದರೆ ಚರಿತ್ರೆ ಬೇಕೆನ್ನುವವರಿಗೆ ಅಳಿಸಿದ್ದೇ ಮುಖ್ಯ.

ಇನ್ನೊಂದು ಕಡೆ ದತ್ತಾಂಶದ ಪ್ರವಾಹವೇ ಶುರುವಾಗಿತ್ತು. 1974ರ ಜೂನ್ 26ರಂದು ಅಮೆರಿಕದ ಓಹಾಯೋ ರಾಜ್ಯದ ಟ್ರಾಯ್ ಎಂಬ ಊರಿನ ಅಂಗಡಿಯಲ್ಲಿ ಒಂದು ಚೂಯಿಂಗ್ ಗಮ್ ಪೊಟ್ಟಣದ ಮೇಲಿನ ಬಾರ್‌ಕೋಡನ್ನು ಯಂತ್ರ ಓದಿತು. ಅಲ್ಲಿಂದ ಮುಂದೆ ಯಾವ ವಸ್ತು, ಯಾವ ಅಂಗಡಿಯಲ್ಲಿ, ಯಾವ ಗಳಿಗೆಯಲ್ಲಿ ಮಾರಾಟವಾಯಿತೆಂಬುದು ತಾನಾಗಿಯೇ ದಾಖಲಾಗತೊಡಗಿತು. ಇಷ್ಟೊಂದು ದತ್ತಾಂಶವನ್ನು ಹಲವು ಪ್ರೊಸೆಸರುಗಳಿಗೆ ಹಂಚಿ ಏಕಕಾಲಕ್ಕೆ ಹುಡುಕಿಸುವ ಉದ್ದೇಶದಿಂದ 1979ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಟೆರಾಡೇಟಾ ಎಂಬ ಕಂಪನಿ ಸ್ಥಾಪನೆಯಾಯಿತು. ಹೆಸರೇ ಹೇಳುವಂತೆ ಒಂದು ಟೆರಾಬೈಟ್, ಅಂದರೆ ಲಕ್ಷ ಕೋಟಿ ಬೈಟುಗಳನ್ನು ನಿಭಾಯಿಸುವುದು ಅದರ ಗುರಿ. ಆಗ ಅದು ನಂಬಲಾಗದ ಮಾತು. ಇಂದು ಅಷ್ಟು ಜಾಗ ಅಂಗೈಯಷ್ಟು ಪೆಟ್ಟಿಗೆಯಲ್ಲಿ ಸಿಗುತ್ತದೆ.

ಉಗ್ರಾಣಕ್ಕೆ ಹೆಸರು ಬಂದ ಬಗೆ

1988ರಲ್ಲಿ ಬ್ಯಾರಿ ಡೆವ್ಲಿನ್ ಮತ್ತು ಪಾಲ್ ಮರ್ಫಿ ಎಂಬ ಐಬಿಎಂನ ಇಬ್ಬರು ಒಂದು ಲೇಖನ ಪ್ರಕಟಿಸಿದರು. ದಿನನಿತ್ಯದ ವ್ಯವಸ್ಥೆಗಳಿಂದ ದತ್ತಾಂಶವನ್ನು ಪ್ರತಿ ತೆಗೆದು, ಪ್ರಶ್ನೆ ಕೇಳುವವರಿಗೆಂದೇ ಪ್ರತ್ಯೇಕ ಜಾಗದಲ್ಲಿ ಇಡಬೇಕೆಂದು ಹೇಳಿ, ಆ ಜಾಗವನ್ನು ‘ಬಿಸಿನೆಸ್ ಡೇಟಾ ವೇರ್‌ಹೌಸ್’ ಎಂದು ಕರೆದರು. ಮರುವರ್ಷ ಹೊವಾರ್ಡ್ ಡ್ರೆಸ್ನರ್ ಎಂಬವರು ಲೂನ್ ಅವರ ‘ಬಿಸಿನೆಸ್ ಇಂಟೆಲಿಜೆನ್ಸ್’ ಎಂಬ ಪದವನ್ನು ಮತ್ತೆ ಚಾಲ್ತಿಗೆ ತಂದರು. 1992ರಲ್ಲಿ ಬಿಲ್ ಇನ್ಮನ್ ಅವರು ಇಂತಹ ಉಗ್ರಾಣ ಕಟ್ಟುವ ಬಗ್ಗೆ ಪುಸ್ತಕ ಬರೆದು ಅದರ ನಾಲ್ಕು ಲಕ್ಷಣಗಳನ್ನು ಗುರುತಿಸಿದರು. ವಿದ್ಯಾರ್ಥಿಗಳಿಗೆ ಸುಲಭವಾಗಲೆಂದು ಅವನ್ನು ನಮ್ಮ ಶಾಲೆಯ ಉದಾಹರಣೆಯಿಂದಲೇ ವಿವರಿಸುತ್ತೇನೆ.

ಮೊದಲನೆಯದು, ವಿಷಯದ ಸುತ್ತ ಜೋಡಣೆ. ಶಾಲೆಯಲ್ಲಿ ದಾಖಲಾತಿ ಪುಸ್ತಕ ಕಚೇರಿಯಲ್ಲಿ, ಹಾಜರಿ ತರಗತಿ ಶಿಕ್ಷಕರಲ್ಲಿ, ಅಂಕಪಟ್ಟಿ ಪರೀಕ್ಷಾ ವಿಭಾಗದಲ್ಲಿ ಇರುತ್ತದೆ. ಅದು ಮೇಜಿನ ಅನುಕೂಲಕ್ಕೆ ತಕ್ಕ ಜೋಡಣೆ. ಉಗ್ರಾಣದಲ್ಲಿ ಎಲ್ಲವೂ ‘ವಿದ್ಯಾರ್ಥಿ’ ಎಂಬ ವಿಷಯದ ಸುತ್ತ ಸೇರಬೇಕು.

ಎರಡನೆಯದು, ಏಕರೂಪತೆ. ಇದೇ ಅತ್ಯಂತ ಕಷ್ಟದ್ದು. ಒಬ್ಬನೇ ಹುಡುಗ ದಾಖಲಾತಿಯಲ್ಲಿ ‘ಮೊಹಮ್ಮದ್’, ಅಂಕಪಟ್ಟಿಯಲ್ಲಿ ‘ಮಹಮ್ಮದ್’, ವಿದ್ಯಾರ್ಥಿವೇತನದ ಅರ್ಜಿಯಲ್ಲಿ ‘ಮುಹಮ್ಮದ್’, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ‘ಎಂಡಿ’ ಆಗಿರುವುದನ್ನು ನಮ್ಮಲ್ಲಿ ಯಾರು ಕಂಡಿಲ್ಲ? ಮನುಷ್ಯನಿಗೆ ಇವನು ಒಬ್ಬನೇ, ಯಂತ್ರಕ್ಕೆ ನಾಲ್ವರು. ದತ್ತಾಂಶವನ್ನು ಮೂಲದಿಂದ ತೆಗೆದು, ತಿದ್ದಿ ಒಂದೇ ರೂಪಕ್ಕೆ ತಂದು, ಬಳಿಕ ಉಗ್ರಾಣಕ್ಕೆ ತುಂಬುವ ಈ ಮೂರು ಹಂತದ ಕೆಲಸಕ್ಕೆ ವೃತ್ತಿಯಲ್ಲಿರುವವರು ‘ಇಟಿಎಲ್’ ಎನ್ನುತ್ತಾರೆ. ಕಣಜಕ್ಕೆ ಭತ್ತ ತುಂಬುವ ಮೊದಲು ತೂರಿ, ಜೊಳ್ಳು ಬೇರ್ಪಡಿಸಿ, ಒಣಗಿಸುವಂತೆಯೇ ಇದು. ಹಸಿ ಭತ್ತ ಒಂದು ಮೂಟೆ ಸೇರಿದರೂ ಕಣಜವೇ ಕೆಡುತ್ತದೆ.

ಮೂರನೆಯದು, ಕಾಲದ ಗುರುತು. ಪ್ರತಿಯೊಂದು ಸಂಗತಿಯೂ ಯಾವ ಕಾಲದ್ದೆಂಬುದು ಗೊತ್ತಿರಬೇಕು. ನಾಲ್ಕನೆಯದು, ಸ್ಥಿರತೆ. ಒಳಗೆ ಬಂದದ್ದನ್ನು ಅಳಿಸಿ ಅದರ ಮೇಲೆ ಬರೆಯುವಂತಿಲ್ಲ. ಹೊಸದನ್ನು ಹೊಸದಾಗಿಯೇ ಸೇರಿಸಬೇಕು.

1996ರಲ್ಲಿ ರಾಲ್ಫ್ ಕಿಂಬಲ್ ಅವರ ಪುಸ್ತಕ ಬಂತು. ಅವರು ಹೇಳಿದ್ದು ಇನ್ನೂ ಸರಳ. ನಡುವೆ ಎಣಿಸಬಹುದಾದ ಸಂಗತಿಗಳನ್ನಿಡಿ, ಅದರ ಸುತ್ತ ನೋಡುವ ದಿಕ್ಕುಗಳನ್ನಿಡಿ: ಯಾವಾಗ, ಎಲ್ಲಿ, ಯಾರು, ಯಾವುದು. ನಕ್ಷೆ ಬರೆದರೆ ನಕ್ಷತ್ರದಂತೆ ಕಾಣುವುದರಿಂದ ಇದಕ್ಕೆ ‘ಸ್ಟಾರ್ ಸ್ಕೀಮಾ’ ಎಂಬ ಹೆಸರು. ನನ್ನ ಹಾಜರಿ ಪುಸ್ತಕವನ್ನು ನೆನಪಿಸಿಕೊಳ್ಳಿ. ಗೈರುಹಾಜರಿ ಎಂಬುದು ಸಂಗತಿ. ತಿಂಗಳು ಒಂದು ದಿಕ್ಕು, ವಾರದ ದಿನ ಇನ್ನೊಂದು ದಿಕ್ಕು. ತಿಂಗಳ ದಿಕ್ಕಿನಿಂದ ಕೂಡಿದರೆ ಏನೂ ಕಾಣಲಿಲ್ಲ, ವಾರದ ದಿಕ್ಕಿನಿಂದ ಕೂಡಿದೊಡನೆ ಸಂತೆ ಕಾಣಿಸಿತು. ಮೊದಲು ಇಡೀ ಸಂಸ್ಥೆಯ ಒಂದು ದೊಡ್ಡ ಉಗ್ರಾಣ ಕಟ್ಟಬೇಕೆಂಬುದು ಇನ್ಮನ್ ಅವರ ದಾರಿ. ಒಂದೊಂದು ವಿಭಾಗದ ಅಗತ್ಯಕ್ಕೆ ತಕ್ಕ ಸಣ್ಣ ಕಣಜಗಳನ್ನು ಕಟ್ಟಿ, ದಿಕ್ಕುಗಳ ಹೆಸರು ಎಲ್ಲೆಡೆ ಒಂದೇ ಇರುವಂತೆ ನೋಡಿಕೊಂಡು ಜೋಡಿಸುತ್ತ ಹೋಗಬೇಕೆಂಬುದು ಕಿಂಬಲ್ ಅವರ ದಾರಿ. ಈ ಚರ್ಚೆ ಈಗಲೂ ಮುಗಿದಿಲ್ಲ.

ಒಂದು ಅಂಗಡಿಯ ಕಥೆ

ಈ ವಿದ್ಯೆಯನ್ನು ಬಳಸಿ ಬೆಳೆದವರಲ್ಲಿ ವಾಲ್‌ಮಾರ್ಟ್‌ನ ಹೆಸರು ಮುಂಚೂಣಿಯಲ್ಲಿದೆ. ಸ್ಯಾಮ್ ವಾಲ್ಟನ್ 1962ರಲ್ಲಿ ಅಮೆರಿಕದ ಅರ್ಕಾನ್ಸಾ ರಾಜ್ಯದ ರೋಜರ್ಸ್ ಎಂಬ ಸಣ್ಣ ಊರಿನಲ್ಲಿ ಇದರ ಮೊದಲ ಅಂಗಡಿ ತೆರೆದರು. 1987ರ ಹೊತ್ತಿಗೆ ಕಂಪನಿ ತನ್ನ ಅಂಗಡಿಗಳನ್ನೆಲ್ಲ ಉಪಗ್ರಹದ ಮೂಲಕ ಜೋಡಿಸಿಕೊಂಡಿತ್ತು. 1991ರಲ್ಲಿ ‘ರಿಟೇಲ್ ಲಿಂಕ್’ ಎಂಬ ವ್ಯವಸ್ಥೆಯ ಮೂಲಕ, ಸರಕು ಒದಗಿಸುವವರು ತಮ್ಮ ಸರಕು ಯಾವ ಅಂಗಡಿಯಲ್ಲಿ ಎಷ್ಟು ಖರ್ಚಾಯಿತೆಂದು ತಾವೇ ನೋಡಿಕೊಳ್ಳುವಂತೆ ಮಾಡಿತು. 1992ರಲ್ಲಿ ಅದರ ಟೆರಾಡೇಟಾ ಉಗ್ರಾಣ ಒಂದು ಟೆರಾಬೈಟನ್ನು ದಾಟಿತು. ಇದೇ ಕಂಪನಿಯ ತಂತ್ರಜ್ಞಾನ ಕಚೇರಿಯೊಂದು ಬೆಂಗಳೂರಿನಲ್ಲೂ ಇದೆ.

2004ರಲ್ಲಿ ಫ್ರಾನ್ಸಿಸ್ ಎಂಬ ಚಂಡಮಾರುತ ಫ್ಲೋರಿಡಾದ ಕಡೆಗೆ ಬರುತ್ತಿತ್ತು. ಕೆಲವೇ ವಾರಗಳ ಹಿಂದೆ ಅಲ್ಲಿಗೆ ಚಾರ್ಲಿ ಎಂಬ ಇನ್ನೊಂದು ಚಂಡಮಾರುತ ಬಂದು ಹೋಗಿತ್ತು. ಆಗ ಜನ ಏನೇನು ಕೊಂಡಿದ್ದರೆಂದು ಕಂಪನಿ ತನ್ನ ಉಗ್ರಾಣವನ್ನು ಕೇಳಿತು. ಟಾರ್ಚ್ ಎಂಬ ಉತ್ತರ ಯಾರಾದರೂ ಊಹಿಸಬಹುದಾದದ್ದು. ಯಾರೂ ಊಹಿಸದ ಉತ್ತರವೂ ಬಂತು. ಸ್ಟ್ರಾಬೆರಿ ಪಾಪ್-ಟಾರ್ಟ್ ಎಂಬ ಸಿಹಿತಿಂಡಿಯ ಮಾರಾಟ ಎಂದಿನದಕ್ಕಿಂತ ಸುಮಾರು ಏಳು ಪಟ್ಟು ಏರಿತ್ತು! ಯೋಚಿಸಿದರೆ ಕಾರಣ ಹೊಳೆಯುತ್ತದೆ. ಅದನ್ನು ಬೇಯಿಸಬೇಕಾಗಿಲ್ಲ, ಕೆಡುವುದಿಲ್ಲ, ಮಕ್ಕಳು ತಿನ್ನುತ್ತಾರೆ. ಗಾಳಿ ಬೀಸುವ ಮೊದಲೇ ಲಾರಿಗಳು ಅದನ್ನು ಹೊತ್ತು ಹೊರಟವು. ಆಗ ಆ ಕಂಪನಿಯ ಉಗ್ರಾಣದಲ್ಲಿ 460 ಟೆರಾಬೈಟ್ ದತ್ತಾಂಶವಿತ್ತೆಂದು ಅದೇ ವರ್ಷ ನ್ಯೂಯಾರ್ಕ್ ಟೈಮ್ಸ್ ವರದಿ ಮಾಡಿತು.

ಮೋಸ ಹೋಗುವುದೂ ಸುಲಭ

ಇಷ್ಟು ಓದಿ ಯಂತ್ರವೇ ಎಲ್ಲವನ್ನೂ ಹೇಳುತ್ತದೆಂದು ಭಾವಿಸಬೇಡಿ. ಸಂಜೆ ಹೊತ್ತು ಮಕ್ಕಳ ಡಯಾಪರ್ ಕೊಳ್ಳಲು ಬರುವ ತಂದೆಯರು ಜೊತೆಗೆ ಬಿಯರ್ ಕೊಳ್ಳುತ್ತಾರೆಂದು ತಿಳಿದು, ಅಂಗಡಿಯವರು ಎರಡನ್ನೂ ಅಕ್ಕಪಕ್ಕ ಇಟ್ಟು ಲಾಭ ಮಾಡಿದರೆಂಬ ಕಥೆ ಈ ಕ್ಷೇತ್ರದಲ್ಲಿ ಬಹಳ ಪ್ರಸಿದ್ಧ. ನಡೆದದ್ದು ಇಷ್ಟೇ: 1992ರಲ್ಲಿ ಟೆರಾಡೇಟಾದ ಒಂದು ತಂಡ ಓಸ್ಕೋ ಡ್ರಗ್ ಎಂಬ ಸರಣಿ ಅಂಗಡಿಗಳ ಸುಮಾರು 12 ಲಕ್ಷ ಖರೀದಿಗಳನ್ನು ಪರಿಶೀಲಿಸಿದಾಗ ಇಂತಹದೊಂದು ಸಂಬಂಧ ಕಂಡಿತು. ಅಂಗಡಿಯವರು ಅದನ್ನು ನೆಚ್ಚಿ ಸರಕಿನ ಜಾಗ ಬದಲಿಸಲಿಲ್ಲ. ಆದರೂ ಕಥೆ ಬಾಯಿಂದ ಬಾಯಿಗೆ ಬೆಳೆಯಿತು. ದತ್ತಾಂಶದ ಬಗ್ಗೆ ಹೇಳುವ ಕಥೆಯೇ ದತ್ತಾಂಶವನ್ನು ಮೀರಿದ ವಿಪರ್ಯಾಸ ಇದು! ಎರಡು ಸಂಗತಿ ಜೊತೆಯಾಗಿ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ. ಮಂಗಳವಾರದ ಅಂಕಣ ನನಗೆ ‘ಇಲ್ಲಿ ಏನೋ ಇದೆ’ ಎಂದಷ್ಟೇ ಹೇಳಿತು. ಏನಿದೆ ಎಂದು ಹೇಳಿದ್ದು ಆ ತಾಯಿ.

ಕಟ್ಟುವುದಕ್ಕಿಂತ ನಡೆಸಿಕೊಂಡು ಹೋಗುವುದು ಕಷ್ಟ ಎಂಬುದೂ ಈ ಚರಿತ್ರೆಯ ಪಾಠ. ಹಣ ಸುರಿದು ಕಟ್ಟಿದ ಎಷ್ಟೋ ಉಗ್ರಾಣಗಳು ಯಾರೂ ಬಳಸದೆ ಧೂಳು ಹಿಡಿದವು. ಕೆಲವೆಡೆ ಯಾವ ಪ್ರಶ್ನೆಗೆ ಉತ್ತರ ಬೇಕೆಂದು ಯೋಚಿಸದೆ ಎಲ್ಲವನ್ನೂ ತುಂಬಿದರು. ಇನ್ನು ಕೆಲವೆಡೆ ‘ಗ್ರಾಹಕ’ ಎಂದರೆ ಯಾರೆಂಬುದನ್ನೇ ವಿಭಾಗಗಳು ಒಪ್ಪಿಕೊಳ್ಳಲಿಲ್ಲ. ತಪ್ಪು ತಿದ್ದುವ ಹೊಣೆ ಯಾರದೆಂದು ನಿರ್ಧಾರವಾಗದ ಕಡೆ ಒಮ್ಮೆ ತಪ್ಪು ಅಂಕಿ ಕಂಡ ಜನ ಮತ್ತೆ ಉಗ್ರಾಣವನ್ನು ನಂಬಲಿಲ್ಲ. 2010ರ ನಂತರ ಉಗ್ರಾಣಗಳು ಕಂಪನಿಯ ಕಟ್ಟಡದಿಂದ ಹೊರಟು, ಬಾಡಿಗೆಗೆ ಸಿಗುವ ಕ್ಲೌಡ್ ವ್ಯವಸ್ಥೆಗೆ ಹೋದವು. ಗೂಗಲ್‌ನ ಬಿಗ್‌ಕ್ವೆರಿ, ಅಮೆಜಾನ್‌ನ ರೆಡ್‌ಶಿಫ್ಟ್, 2012ರಲ್ಲಿ ಸ್ಥಾಪನೆಯಾದ ಸ್ನೋಫ್ಲೇಕ್ ಇಂತಹವು. ಯಂತ್ರ ಅಗ್ಗವಾಯಿತು, ವೇಗವಾಯಿತು. ಆದರೆ ‘ಮೊಹಮ್ಮದ್’ ಮತ್ತು ‘ಮುಹಮ್ಮದ್’ ಒಬ್ಬನೇ ಎಂದು ಹೊಣೆ ಹೊತ್ತು ಹೇಳುವ ಮನುಷ್ಯ ಇಂದಿಗೂ ಬೇಕು.

ನಮ್ಮ ದೇಶದಲ್ಲಿ

ಇದು ಕೇವಲ ವ್ಯಾಪಾರಿಗಳ ವಿದ್ಯೆಯಾಗಿ ಉಳಿಯಲಿಲ್ಲ. ಭಾರತೀಯ ರಿಸರ್ವ್ ಬ್ಯಾಂಕ್ ದೇಶದ ಹಣಕಾಸಿನ ಅಂಕಿಅಂಶಗಳಿಗಾಗಿ ದತ್ತಾಂಶ ಉಗ್ರಾಣ ಕಟ್ಟಿಕೊಂಡು, 2004ರಲ್ಲಿ ಅದನ್ನು ಸಾರ್ವಜನಿಕರಿಗೂ ತೆರೆಯಿತು. ಇನ್ನೊಂದು ಪ್ರಸಂಗ ನಮ್ಮ ಓದುಗರಿಗೆ ಹೆಚ್ಚು ಪರಿಚಿತ. ಮುಸ್ಲಿಮರ ಸಾಮಾಜಿಕ, ಆರ್ಥಿಕ, ಶೈಕ್ಷಣಿಕ ಸ್ಥಿತಿಯ ಅಧ್ಯಯನಕ್ಕೆಂದು 2005ರಲ್ಲಿ ನೇಮಕವಾದ ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿ 2006ರ ನವೆಂಬರ್‌ನಲ್ಲಿ ವರದಿ ನೀಡಿತು. ಅದರ ಶಿಫಾರಸುಗಳಲ್ಲಿ ಒಂದು, ಎಲ್ಲ ಸಮುದಾಯಗಳ ಮಾಹಿತಿಯನ್ನೂ ಒಂದೆಡೆ ಇಡುವ ರಾಷ್ಟ್ರೀಯ ದತ್ತಾಂಶ ಬ್ಯಾಂಕ್ ಸ್ಥಾಪಿಸಬೇಕೆಂಬುದು. ಹಿಂದುಳಿದಿದ್ದೇವೆ ಎಂದು ಹೇಳಿದರೆ ಸಾಲದು, ಎಲ್ಲಿ, ಯಾವ ತರಗತಿಯಲ್ಲಿ, ಯಾವ ಕಾರಣಕ್ಕೆ ಎಂದು ತೋರಿಸಬೇಕು ಎಂಬ ಅರಿವು ಅದರ ಹಿಂದಿತ್ತು.

ಕಣಜಕ್ಕೆ ಬೀಗವೂ ಬೇಕು. ಒಬ್ಬರ ಮಾಹಿತಿಯೆಲ್ಲ ಒಂದೇ ಕಡೆ ಸೇರಿದಾಗ ಅದರ ದುರ್ಬಳಕೆಯೂ ಸುಲಭ. ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪು ನೀಡಿತು. 2023ರಲ್ಲಿ ಸಂಸತ್ತು ವೈಯಕ್ತಿಕ ಡಿಜಿಟಲ್ ದತ್ತಾಂಶದ ರಕ್ಷಣೆಗೆ ಕಾಯಿದೆ ಮಾಡಿತು. ಮಾಹಿತಿ ಕೇಳುವವನಿಗೆ ಕಾರಣ ಹೇಳುವ ಹೊಣೆಯಿದೆ, ಕೊಡುವವನಿಗೆ ಕೇಳುವ ಹಕ್ಕಿದೆ. ವಿದ್ಯಾರ್ಥಿಗಳು ಇದನ್ನು ಮರೆಯಬಾರದು.

ಕೊನೆಯ ಮಾತು

ಆತ್ಮೀಯ ವಿದ್ಯಾರ್ಥಿಗಳೇ, ನೀವು ನಾಳೆ ದೊಡ್ಡ ಕಂಪನಿಯ ಉಗ್ರಾಣವನ್ನು ನಡೆಸಬಹುದು, ಇಲ್ಲವೇ ತಂದೆಯ ಕಿರಾಣಿ ಅಂಗಡಿಯ ಗಲ್ಲಾದ ಮುಂದೆ ಕೂರಬಹುದು. ಎಲ್ಲಿದ್ದರೂ ಮೂರು ಮಾತು ನೆನಪಿರಲಿ. ಮೊದಲು ಪ್ರಶ್ನೆ ಯಾವುದೆಂದು ನಿರ್ಧರಿಸಿ, ಆಮೇಲೆ ಅಂಕಿ ಸಂಗ್ರಹಿಸಿ. ಹೆಸರನ್ನೂ ತಾರೀಖನ್ನೂ ಮೊದಲ ದಿನವೇ ಸರಿಯಾಗಿ ಬರೆಯಿರಿ, ಹಳೆಯದನ್ನು ಅಳಿಸಬೇಡಿ. ಅಂಕಿ ಹೇಳಿದ್ದನ್ನು ಕೇಳಿದ ಮೇಲೆ ಆ ಅಂಕಿಯ ಹಿಂದಿರುವ ಮನುಷ್ಯನನ್ನೂ ಹೋಗಿ ಕೇಳಿ.

ನಾನಂತೂ ಆ ವರ್ಷದಿಂದ ತಿಂಗಳ ಕೊನೆಯಲ್ಲಿ ಹಾಜರಿ ಪುಸ್ತಕವನ್ನು ಎರಡು ಸಲ ನೋಡುತ್ತೇನೆ. ಒಮ್ಮೆ ಅಡ್ಡಲಾಗಿ ಕೂಡಿ ಮೇಲಿನವರಿಗೆ ಲೆಕ್ಕ ಕೊಡುತ್ತೇನೆ. ಇನ್ನೊಮ್ಮೆ ಮೇಲಿನಿಂದ ಕೆಳಕ್ಕೆ ಬೆರಳಿಟ್ಟು ನೋಡಿ, ನನ್ನ ಮಕ್ಕಳಲ್ಲಿ ಯಾರ ಮನೆಗೆ ಹೋಗಬೇಕೆಂದು ತಿಳಿದುಕೊಳ್ಳುತ್ತೇನೆ. ಇದಕ್ಕೆ ಕಂಪ್ಯೂಟರ್ ಬೇಕಾಗಲಿಲ್ಲ, ಹತ್ತು ನಿಮಿಷ ಸಾಕಾಯಿತು. ಆ ಹತ್ತು ನಿಮಿಷವನ್ನು ಒಂದು ವರ್ಷ ಮೊದಲೇ ಕೊಡಬೇಕಿತ್ತು.